ಜ್ವರ ಬಿಟ್ಟಿತು, ಇನ್ನು ಮುಂದೆ?

ಮುಂಗಾರು ಹಿಡಿದರೆ ಸಾಕು, ನಮ್ಮ ಊರುಗಳ ಕ್ಲಿನಿಕ್‌ಗಳ ಮುಂದೆ ಸಾಲು ಬೆಳೆಯುತ್ತದೆ. ಮೈಕೈ ನೋವು, ಕಣ್ಣುಗುಡ್ಡೆಯ ಹಿಂದೆ ಸೆಳೆತ, ಮಾತ್ರೆಗೆ ಇಳಿದು ಮತ್ತೆ ಏರುವ ಜ್ವರ. ನಾಲ್ಕೈದು ದಿನ ಕಾಡಿದ ಮೇಲೆ ಒಂದು ಬೆಳಿಗ್ಗೆ ಮೈ ತಣ್ಣಗಾಗುತ್ತದೆ. ‘ಸದ್ಯ, ಜ್ವರ ಬಿಡ್ತು’ ಎಂದು ಮನೆಯವರು ದೇವರಿಗೆ ಕೈಮುಗಿದು ತಂತಮ್ಮ ಕೆಲಸಕ್ಕೆ ಹೊರಡುತ್ತಾರೆ. ಆದರೆ ಡೆಂಗಿಯಲ್ಲಿ ರೋಗಿಯ ಮೇಲೆ ಕಣ್ಣಿಡಬೇಕಾದ ಹೊತ್ತು ಶುರುವಾಗುವುದೇ ಆ ಬೆಳಿಗ್ಗೆಯಿಂದ.

2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಸೊಳ್ಳೆ, ಲಾರ್ವಾ, ರಕ್ತ ಪರೀಕ್ಷೆ, ಹಾಸಿಗೆ ಎಲ್ಲದರ ಬಗ್ಗೆಯೂ ಅಂದಿನಿಂದ ಸಾಕಷ್ಟು ಚರ್ಚೆಯಾಗಿದೆ. ಜ್ವರ ಇಳಿದ ನಂತರದ ದಿನಗಳ ಬಗ್ಗೆ ಮಾತ್ರ ಮಾತು ಕಡಿಮೆ. ಆ ದಿನಗಳಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಎಚ್ಚರದ ಒಂದೆರಡು ದಿನ, ಎರಡನೆಯದು ಚೇತರಿಕೆಯ ಕೆಲವು ವಾರ. ಎರಡನ್ನೂ ಕಾಯಿಲೆಯ ಲೆಕ್ಕಕ್ಕೇ ಸೇರಿಸಬೇಕು.

ಸೋರಿಕೆಯ ಹೊತ್ತು

ಡೆಂಗಿ ಜ್ವರ ಸಾಮಾನ್ಯವಾಗಿ 2ರಿಂದ 7 ದಿನ ಇರುತ್ತದೆ. ಅದು ಇಳಿಯುವ ಹೊತ್ತಿಗೆ ಕೆಲವರಲ್ಲಿ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗಿ, ರಕ್ತದ ನೀರಿನಂಶ ಹೊರಗೆ ಸೋರತೊಡಗುತ್ತದೆ. ಹೊಟ್ಟೆಯಲ್ಲಿ, ಶ್ವಾಸಕೋಶದ ಸುತ್ತ ನೀರು ನಿಲ್ಲುತ್ತದೆ. ನಾಳದೊಳಗೆ ಉಳಿದ ರಕ್ತ ಗಟ್ಟಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. 24ರಿಂದ 48 ಗಂಟೆಗಳ ಈ ಅವಧಿಯಲ್ಲೇ ರೋಗ ಉಲ್ಬಣಿಸುವ ಸಾಧ್ಯತೆ ಹೆಚ್ಚು. ಬಹುಪಾಲು ಜನ ತೊಂದರೆಯಿಲ್ಲದೆ ಇದನ್ನು ದಾಟುತ್ತಾರೆ. ದಾಟಲಾಗದವರನ್ನು ಬೇಗ ಗುರುತಿಸಿದರೆ ಸರಿಯಾದ ಪ್ರಮಾಣದ ಡ್ರಿಪ್‌ನಿಂದಲೇ ಉಳಿಸಿಕೊಳ್ಳಬಹುದು.

ಗುರುತಿಸುವ ಕೆಲಸ ಮನೆಯವರದು. ಹೊಟ್ಟೆಯಲ್ಲಿ ಬಿಡದ ನೋವು, ಮತ್ತೆ ಮತ್ತೆ ವಾಂತಿ, ವಸಡಿನಲ್ಲೋ ಮೂಗಿನಲ್ಲೋ ರಕ್ತ, ಕಪ್ಪು ಮಲ, ಎದ್ದು ನಿಂತರೆ ತಲೆಸುತ್ತು, ಕೈಕಾಲು ತಣ್ಣಗಾಗಿ ಬೆವರುವುದು, ಉಸಿರಾಟಕ್ಕೆ ಕಷ್ಟ, ವಿಪರೀತ ಮಂಕು ಅಥವಾ ಚಡಪಡಿಕೆ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು. ಮೈ ತಣ್ಣಗಿದೆ, ಮಗು ಸುಮ್ಮನೆ ಮಲಗಿದೆ ಎಂಬುದು ಸಮಾಧಾನದ ಮಾತಲ್ಲ. ಮಲಗಿದ ಮಗುವನ್ನು ಎಬ್ಬಿಸಿ ಮಾತನಾಡಿಸಿ ನೋಡಬೇಕು.

ಪ್ಲೇಟ್‌ಲೆಟ್ ಎಷ್ಟು?

ಡೆಂಗಿ ಬಂದ ಮನೆಗೆ ಫೋನ್ ಮಾಡಿದವರೆಲ್ಲ ಕೇಳುವ ಪ್ರಶ್ನೆ ಇದೊಂದೇ. ಆರೋಗ್ಯವಂತರಲ್ಲಿ 1.5 ಲಕ್ಷದಿಂದ 4.5 ಲಕ್ಷದವರೆಗೆ ಇರುವ ಈ ಕಣಗಳು ಡೆಂಗಿಯಲ್ಲಿ ಇಳಿಯುವುದು ಸಹಜ, ಗಂಡಾಂತರದ ಅವಧಿ ದಾಟಿದ ಮೇಲೆ ತಾವಾಗಿ ಏರುವುದೂ ಅಷ್ಟೇ ಸಹಜ. ರಕ್ತಸ್ರಾವ ಇಲ್ಲದಿದ್ದರೆ, ಸಂಖ್ಯೆ 10 ಸಾವಿರಕ್ಕಿಂತ ಕೆಳಗಿಳಿಯುವ ತನಕ ಪ್ಲೇಟ್‌ಲೆಟ್ ಕೊಡುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ ಎನ್ನುತ್ತದೆ ನಮ್ಮ ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿ. ವೈದ್ಯರು ಇದರ ಜೊತೆಗೆ ನೋಡುವ ಇನ್ನೊಂದು ಅಂಕಿ ಹೆಮಟೋಕ್ರಿಟ್. ಪ್ಲೇಟ್‌ಲೆಟ್ ಇಳಿಯುತ್ತಿರುವಾಗಲೇ ಹೆಮಟೋಕ್ರಿಟ್ ಏರುತ್ತಿದ್ದರೆ ರಕ್ತ ಗಟ್ಟಿಯಾಗುತ್ತಿದೆ, ಸೋರಿಕೆ ನಡೆದಿದೆ ಎಂದರ್ಥ. ಮುಂದಿನ ಸಲ ರಿಪೋರ್ಟ್ ಕೈಗೆ ಬಂದಾಗ ಆ ಸಾಲನ್ನೂ ವೈದ್ಯರ ಹತ್ತಿರ ಕೇಳಿ ತಿಳಿದುಕೊಳ್ಳಿ.

ಪ್ಲೇಟ್‌ಲೆಟ್ ಆತಂಕವೇ ಪಪ್ಪಾಯಿ ಎಲೆಯ ರಸವನ್ನೂ ದುಬಾರಿ ಕಿವಿ ಹಣ್ಣನ್ನೂ ರೋಗಿಯ ತಲೆದಿಂಬಿನ ಪಕ್ಕಕ್ಕೆ ತಂದಿಟ್ಟಿದೆ. ಹಣ್ಣು ತಿನ್ನಲಿ, ಅಡ್ಡಿಯಿಲ್ಲ. ಆದರೆ ಕಹಿ ರಸ ಕುಡಿದು ವಾಂತಿಯಾದರೆ, ಹೊಟ್ಟೆಗೆ ಹೋಗಿದ್ದ ಒಂದಿಷ್ಟು ನೀರೂ ಹೊರಬಂತು. ಮೈಕೈ ನೋವಿಗೆಂದು ಅಂಗಡಿಯಿಂದ ತರುವ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ ಸಾಕು, ಅದೂ ವೈದ್ಯರು ಹೇಳಿದ ಪ್ರಮಾಣದಲ್ಲಿ, ಆರು ಗಂಟೆಯ ಅಂತರದಲ್ಲಿ. ಹೃದಯದ ಕಾಯಿಲೆಗೆಂದು ಮೊದಲಿನಿಂದಲೂ ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರು ತಾವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಬೇಕು.

ಒಂದು ಹಾಳೆ, ಒಂದು ಲೋಟ

ನಮ್ಮ ಅತ್ತಿಗೆಗೆ ಡೆಂಗಿ ಬಂದಾಗ, ಜ್ವರ ಇಳಿದ ದಿನ ವೈದ್ಯರು ಅವರ ಹೆಬ್ಬೆರಳಿನ ಉಗುರನ್ನು ಒತ್ತಿ ಹಿಡಿದು ಬಿಟ್ಟರು. ಬಿಳುಚಿದ ಉಗುರಿಗೆ ಕೆಂಪು ಮರಳಿ ಬರುವುದನ್ನು ನಮಗೂ ತೋರಿಸಿ, ‘ನೋಡಿ, ಎರಡು ಸೆಕೆಂಡಿನೊಳಗೆ ಬಣ್ಣ ಬರಬೇಕು. ತಡವಾದರೆ, ಕೈ ತಣ್ಣಗಿದ್ದರೆ ಕೂಡಲೇ ಕರ್ಕೊಂಡು ಬನ್ನಿ’ ಎಂದರು. ಜೊತೆಗೆ ಒಂದು ಹಾಳೆಯಲ್ಲಿ ಎರಡು ಗೆರೆ ಎಳೆದುಕೊಟ್ಟರು: ಎಷ್ಟು ಹೊತ್ತಿಗೆ ಏನು ಕುಡಿದರು, ಎಷ್ಟು ಹೊತ್ತಿಗೆ ಮೂತ್ರಕ್ಕೆ ಹೋದರು. ಅಣ್ಣ ಆ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ‘ಏನಾದ್ರೂ ಕುಡಿದ್ಯಾ?’ ಎಂದು ಹೋದವರು ಬಂದವರೆಲ್ಲ ಕೇಳುವುದು ನಿಂತು, ಎಷ್ಟು ಕುಡಿದರೆಂಬುದು ಎಲ್ಲರ ಕಣ್ಣಿಗೆ ಬೀಳತೊಡಗಿತು. ಅಂಥ ಒಂದು ಹಾಳೆ ಪ್ರತಿ ಮನೆಯಲ್ಲೂ ಇರಬೇಕೆಂದು ನನ್ನ ಆಸೆ. 4ರಿಂದ 6 ಗಂಟೆಗೊಮ್ಮೆ ಮೂತ್ರ ಆಗುತ್ತಿದ್ದರೆ ಕುಡಿದದ್ದು ಸಾಲುತ್ತಿದೆ ಎಂದು ತಿಳಿಯಬಹುದು.

ಕುಡಿಯುವುದಕ್ಕೆ ನಮ್ಮ ಅಡುಗೆಮನೆಯಲ್ಲಿ ಬೇಕಾದಷ್ಟಿದೆ: ಉಪ್ಪು ಹಾಕಿದ ಅನ್ನದ ಗಂಜಿ, ನೀರುಮಜ್ಜಿಗೆ, ರಾಗಿ ಅಂಬಲಿ, ತಿಳಿಸಾರು, ಎಳನೀರು. ಓಆರ್‌ಎಸ್ ಕೊಡುವುದಾದರೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿ ಎಂದು ಪೊಟ್ಟಣದ ಮೇಲೆ ಬರೆದಿದೆಯೇ ನೋಡಿ, ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಪೂರ್ತಿ ಕದಡಿ. ಬರೀ ನೀರನ್ನೇ ಬಿಂದಿಗೆಗಟ್ಟಲೆ ಕುಡಿಸುವುದೂ ಒಳ್ಳೆಯದಲ್ಲ, ರಕ್ತದಲ್ಲಿ ಸೋಡಿಯಂ ಇಳಿದೀತು. ಬೀಟ್‌ರೂಟ್, ದಾಳಿಂಬೆಯಂಥ ಕೆಂಪು ರಸಗಳನ್ನು ಈ ಒಂದೆರಡು ದಿನ ಬಿಡುವುದು ಲೇಸು. ವಾಂತಿಯಾದರೆ ಬಂದದ್ದು ರಸವೋ ರಕ್ತವೋ ತಿಳಿಯದೆ ಗಾಬರಿಯಾಗುತ್ತದೆ. ಹೃದಯ, ಮೂತ್ರಪಿಂಡದ ತೊಂದರೆ ಇರುವವರು, ಸಕ್ಕರೆ ಕಾಯಿಲೆಯವರು ಎಷ್ಟು ಕುಡಿಯಬೇಕು, ಏನು ಕುಡಿಯಬೇಕು ಎಂಬುದನ್ನು ವೈದ್ಯರೇ ಹೇಳಬೇಕು.

ಸೋರಿಕೆ ನಿಂತ ಮೇಲೆ ಹೊರಗೆ ನಿಂತ ನೀರು ಎರಡು–ಮೂರು ದಿನಗಳಲ್ಲಿ ನಾಳಗಳಿಗೆ ಮರಳುತ್ತದೆ. ಆಗ ಮೂತ್ರ ಚೆನ್ನಾಗಿ ಆಗುತ್ತದೆ, ಹಸಿವು ಕಾಣಿಸಿಕೊಳ್ಳುತ್ತದೆ, ಅಂಗೈ ಅಂಗಾಲು ತುರಿಸುತ್ತವೆ. ಕೆಲವರ ಕಾಲಿನ ಮೇಲೆ ಕೆಂಪು ದದ್ದಿನ ನಡುವೆ ಬಿಳಿ ಚುಕ್ಕೆಗಳು ಕಾಣುತ್ತವೆ. ಇವು ವಾಸಿಯಾಗುತ್ತಿರುವ ಲಕ್ಷಣಗಳು. ಈ ಹಂತದಲ್ಲೂ ‘ಇನ್ನೊಂದು ಬಾಟಲಿ ಗ್ಲೂಕೋಸ್ ಏರಿಸಿ ಡಾಕ್ಟ್ರೇ’ ಎಂದು ಒತ್ತಾಯಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ಅಪಾಯವಿದೆ.

ಸುಸ್ತೂ ಕಾಯಿಲೆಯೇ

ರಿಪೋರ್ಟ್ ಸರಿಯಾಯಿತು, ಆಸ್ಪತ್ರೆಯಿಂದ ಮನೆಗೆ ಬಂದದ್ದೂ ಆಯಿತು. ಆದರೂ ಮಹಡಿ ಹತ್ತಿದರೆ ಕಾಲು ನಡುಗುತ್ತದೆ, ಓದಿದ್ದು ತಲೆಗೆ ಹತ್ತುವುದಿಲ್ಲ, ಸಣ್ಣ ಮಾತಿಗೂ ಅಳು ಬರುತ್ತದೆ. ಈ ಸುಸ್ತು ಹಲವರಲ್ಲಿ ವಾರಗಟ್ಟಲೆ ಉಳಿಯುತ್ತದೆ. ಎರಡು–ಮೂರು ತಿಂಗಳ ಮೇಲೆ ಬಾಚಣಿಗೆ ತುಂಬ ಕೂದಲು ಬಂದು ಹೆದರಿಸುವುದೂ ಉಂಟು. ಜೋರು ಜ್ವರದ ನಂತರ ಹೀಗೆ ಉದುರಿದ ಕೂದಲು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ.

ಈ ಸುಸ್ತಿಗೆ ಟಾನಿಕ್ಕಿಗಿಂತ ನಿದ್ದೆ, ಊಟ, ನಿಧಾನ ಮುಖ್ಯ. ಬೇಳೆ, ಮೊಳಕೆಕಾಳು, ಮೊಟ್ಟೆ, ಮೀನು, ಹಾಲು, ಸೊಪ್ಪು, ಮನೆಯಲ್ಲಿ ಯಾವುದು ರೂಢಿಯೋ ಅದನ್ನೇ ಸ್ವಲ್ಪ ಸ್ವಲ್ಪವಾಗಿ, ಹೆಚ್ಚು ಸಲ ತಿನ್ನಬೇಕು. ಮೊದಲ ವಾರ ಮನೆಯೊಳಗಿನ ಓಡಾಟ, ಆಮೇಲೆ ಬೀದಿ ತುದಿಯ ತನಕ ನಡಿಗೆ, ಅದು ಮೈಗೆ ಒಗ್ಗಿದ ಮೇಲೆ ಭಾರದ ಕೆಲಸ. ಇವತ್ತು ಮಾಡಿದ್ದಕ್ಕೆ ನಾಳೆ ಏಳಲಾಗದಿದ್ದರೆ ಒಂದು ಹೆಜ್ಜೆ ಹಿಂದೆ ಸರಿಯಬೇಕು. ಪ್ಲೇಟ್‌ಲೆಟ್ ಸಹಜ ಮಟ್ಟಕ್ಕೆ ಬರುವ ತನಕ ಮಕ್ಕಳಿಗೆ ಕಬಡ್ಡಿ, ಫುಟ್‌ಬಾಲ್‌ನಂಥ ಆಟ ಬೇಡ. ಸುಸ್ತು ಇಳಿಯದೆ ಹೆಚ್ಚುತ್ತಿದ್ದರೆ, ಜ್ವರ ಮರುಕಳಿಸಿದರೆ ಮತ್ತೆ ವೈದ್ಯರನ್ನು ಕಾಣಬೇಕು.

ವಿಶ್ರಾಂತಿ ಯಾರಿಗೆ ಸಿಗುತ್ತದೆ?

ಬಾಣಂತಿಗೆ ಇಷ್ಟು ದಿನ ತಣ್ಣೀರು ಮುಟ್ಟಿಸಬಾರದು, ಭಾರ ಎತ್ತಿಸಬಾರದು ಎಂದು ನಮ್ಮ ಮನೆಗಳಲ್ಲಿ ಕಟ್ಟಳೆಯಿದೆ. ಅದೇ ಹೆಣ್ಣುಮಗಳು ಜ್ವರದಿಂದ ಎದ್ದರೆ ಅಂಥ ಯಾವ ಕಟ್ಟಳೆಯೂ ಇಲ್ಲ. ಮೈ ತಣ್ಣಗಾದ ಮಾರನೆಯ ದಿನವೇ ಕುಕ್ಕರ್ ಇಡುವುದು, ಬಟ್ಟೆ ಹಿಂಡುವುದು, ಮಕ್ಕಳ ಡಬ್ಬಿ ಕಟ್ಟುವುದು ಅವಳ ಪಾಲಿಗೆ ಬರುತ್ತದೆ. ಅವಳ ಚೇತರಿಕೆಗೂ ದಿನಗಳನ್ನು ನಿಗದಿ ಮಾಡಬೇಕು, ಆ ದಿನಗಳ ಒಲೆಗೆ ಯಾರು, ನೀರಿಗೆ ಯಾರು ಎಂಬುದನ್ನು ಮನೆಯವರು ಕೂತು ಹಂಚಿಕೊಳ್ಳಬೇಕು.

ದುಡಿಯುವ ಜಾಗದ ಕಥೆಯೂ ಬೇರೆಯಲ್ಲ. ಗಾರ್ಮೆಂಟ್ಸ್‌ನಲ್ಲೋ ಸಣ್ಣ ಕಾರ್ಖಾನೆಯಲ್ಲೋ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವ ಎಷ್ಟೋ ಜನರ ಸಂಬಳದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮಾ ಯೋಜನೆ) ಹಣ ಕಡಿತವಾಗುತ್ತದೆ. ಆದರೆ ಕಾಯಿಲೆಯ ರಜೆಗೆ ಆ ಯೋಜನೆಯಲ್ಲಿ ಸರಾಸರಿ ದಿನಗೂಲಿಯ ಶೇ 70ರಷ್ಟು ಹಣ, ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ ಎಂಬುದು ಅನೇಕರಿಗೆ ಗೊತ್ತಿರುವುದಿಲ್ಲ. ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಾಯವಾಗಿರಬೇಕು, ಇಎಸ್‌ಐ ವೈದ್ಯರ ಪ್ರಮಾಣಪತ್ರ ಬೇಕು. ಮನೆಗೆಲಸದವರು, ಗಾರೆ ಕೆಲಸದವರು, ತಳ್ಳುಗಾಡಿಯವರಲ್ಲಿ ಬಹುಪಾಲು ಜನರಿಗೆ ಇಷ್ಟೂ ಇಲ್ಲ. ಕೆಲಸದಾಕೆಗೆ ಡೆಂಗಿ ಬಂದರೆ ಎರಡು ವಾರ ಸಂಬಳ ಹಿಡಿಯದೆ ರಜೆ ಕೊಡುವುದು ಉಪಕಾರವಲ್ಲ, ದುಡಿಸಿಕೊಳ್ಳುವವರ ಹೊಣೆ.

ಮತ್ತೆ ಬಾರದಿರಲು

ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದುಹೋದರೆ ಅದರಿಂದ ದೀರ್ಘಕಾಲದ ರಕ್ಷಣೆ ಸಿಗುತ್ತದೆ, ಉಳಿದ ಮೂರರಿಂದ ಸಿಗುವುದಿಲ್ಲ. ಎರಡನೆಯ ಸಲ ಬೇರೆ ಬಗೆಯದು ತಗುಲಿದರೆ ತೀವ್ರವಾಗುವ ಸಾಧ್ಯತೆ ಹೆಚ್ಚು. ಹಾಗಾಗಿ ‘ಒಮ್ಮೆ ಬಂದಿದೆ, ಇನ್ನು ಬರಲ್ಲ ಬಿಡಿ’ ಎನ್ನುವ ಧೈರ್ಯ ಬೇಡ. ಜ್ವರದ ದಿನಗಳಲ್ಲಿ ರೋಗಿಯನ್ನು ಕಚ್ಚಿದ ಸೊಳ್ಳೆ ಅದೇ ಮನೆಯ ಇನ್ನೊಬ್ಬರಿಗೆ ರೋಗ ಹರಡಬಲ್ಲದು. ಡೆಂಗಿ ಹರಡುವ ಈಡಿಸ್ ಹಗಲಲ್ಲಿ ಕಚ್ಚುವ ಸೊಳ್ಳೆಯಾದ್ದರಿಂದ ರೋಗಿಗೆ ಹಗಲಿನಲ್ಲೂ ಸೊಳ್ಳೆ ಪರದೆ ಬೇಕು.

ಎರಡು ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು ಬಿಡುವ ಊರುಗಳಲ್ಲಿ ಡ್ರಮ್, ಸಂಪು, ಸಿಂಟೆಕ್ಸ್ ಇಲ್ಲದೆ ಬದುಕಿಲ್ಲ. ಅವನ್ನು ಬಿಗಿಯಾಗಿ ಮುಚ್ಚಬೇಕು. ಈಡಿಸ್‌ನ ಮೊಟ್ಟೆಗಳು ಪಾತ್ರೆಯ ಒಳಗೋಡೆಗೆ ಅಂಟಿಕೊಂಡು, ನೀರು ಒಣಗಿದರೂ ತಿಂಗಳುಗಟ್ಟಲೆ ಉಳಿಯುತ್ತವೆ. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ಒಳಗೋಡೆಯನ್ನು ನಾರು ಹಾಕಿ ಉಜ್ಜಿ ತೊಳೆಯಬೇಕು. ಫ್ರಿಜ್ಜಿನ ಹಿಂದಿನ ತಟ್ಟೆ, ಮನಿಪ್ಲಾಂಟ್ ಬಾಟಲಿ, ತಾರಸಿಯ ಹಳೆ ಟೈರು, ಕೂಲರ್ ಇವೂ ಅದೇ ದಿನದ ಪಟ್ಟಿಯಲ್ಲಿರಲಿ. ಸೊಳ್ಳೆ ಬೆಳೆಯಲು ಬಿಟ್ಟರೆ 2024ರ ಆದೇಶದಲ್ಲಿ ನಗರದ ಮನೆಗಳಿಗೆ 400, ಹಳ್ಳಿಯ ಮನೆಗಳಿಗೆ 200 ರೂಪಾಯಿ ದಂಡವನ್ನು ಗೊತ್ತುಮಾಡಲಾಗಿದೆ. ದಂಡಕ್ಕೆ ಹೆದರಿಯಲ್ಲದಿದ್ದರೂ, ಮನೆಯಲ್ಲಿ ಈಗಷ್ಟೇ ಎದ್ದು ಕೂತವರ ಸಲುವಾಗಿ ಈ ಕೆಲಸ ಆಗಬೇಕು.

ಜ್ವರ ಬಂದಾಗ ಇಡೀ ಮನೆ ಓಡಾಡುತ್ತದೆ. ಜ್ವರ ಬಿಟ್ಟ ಮೇಲೂ ಒಂದೆರಡು ದಿನ ಯಾರಾದರೊಬ್ಬರು ಪಕ್ಕದಲ್ಲಿರಬೇಕು, ಆಮೇಲಿನ ಎರಡು ವಾರ ರೋಗಿಯ ಪಾಲಿನ ಕೆಲಸವನ್ನು ಉಳಿದವರು ಹಂಚಿಕೊಳ್ಳಬೇಕು. ಇದಕ್ಕೆ ಖರ್ಚಿಲ್ಲ, ಔಷಧಿ ಚೀಟಿಯಲ್ಲಿ ಇದನ್ನು ಯಾರೂ ಬರೆದುಕೊಡುವುದೂ ಇಲ್ಲ. ಮುಂದಿನ ಸಲ ‘ಜ್ವರ ಬಿಡ್ತಾ?’ ಎಂದು ಫೋನಿನಲ್ಲಿ ವಿಚಾರಿಸುವಾಗ, ‘ನಾಳೆ ಅಡುಗೆ ಮಾಡಿ ಕಳಿಸ್ಲಾ?’ ಎಂದೂ ಕೇಳಿ.