ಎರಿಮಣ್ಣಿನ ಕೈಗೆ ಸ್ಯಾನಿಟೈಸರ್

ಅಣ್ಣಿಗೇರಿಯಲ್ಲಿ ನನ್ನದೊಂದು ಔಷಧ ಅಂಗಡಿ. 2020ರ ಮಾರ್ಚ್‌ನಲ್ಲಿ ಸ್ಯಾನಿಟೈಸರ್ ಕೇಳಿ ಬಂದವರಿಗೆಲ್ಲ ಕೊಡಲು ಬಾಟಲಿ ಸಾಲುತ್ತಿರಲಿಲ್ಲ. 200 ಮಿ.ಲೀ.ಗೆ 100 ರೂಪಾಯಿ ಮೀರಬಾರದೆಂದು ಕೇಂದ್ರ ಸರ್ಕಾರವೇ ಆಗ ಬೆಲೆ ಕಟ್ಟಿತು. ಸಕ್ಕರೆ ಕಾರ್ಖಾನೆಗಳ ಡಿಸ್ಟಿಲರಿಗಳೂ ತಯಾರಿಗೆ ಇಳಿದವು. ಈಗ ಕೇಳುವವರು ಕಡಿಮೆ. ಕೇಳುವವರಲ್ಲೂ ಎಷ್ಟೋ ಮಂದಿ ಅದರದಲ್ಲದ ಕೆಲಸಕ್ಕೆ ಒಯ್ಯುತ್ತಾರೆ.

“ಹೊಲದಾಗ ನೀರಿಲ್ರೀ, ಇದನ್ನ ಹಚ್ಚಿಕೊಂಡು ಬುತ್ತಿ ಬಿಚ್ಚಿದ್ರ ಆತಲ್ಲ?”

ಆಗೋದಿಲ್ಲ. ಎರಿಮಣ್ಣು ಉಗುರ ಸಂದಿಗೆ ಮೆತ್ತಿತೆಂದರೆ ನೀರಿಗೇ ಸುಲಭಕ್ಕೆ ಬಿಡದು. ಆಲ್ಕೋಹಾಲ್‌ಗೆ ಕೊಲ್ಲುವುದು ಗೊತ್ತು, ತೊಳೆಯುವುದು ಗೊತ್ತಿಲ್ಲ. ಮಣ್ಣು, ಸಗಣಿ, ಜಿಡ್ಡು ಇದ್ದ ಕೈಯಲ್ಲಿ ಅದು ರೋಗಾಣುವಿಗೆ ಸರಿಯಾಗಿ ತಾಗುವ ಮೊದಲೇ ಆರಿಹೋಗುತ್ತದೆ. ಹತ್ತಿಗೆ ಎಣ್ಣಿ ಹೊಡೆದು ಬಂದವರ ಕೈಗಂಟಿದ ಕೀಟನಾಶಕವನ್ನೂ ಅದು ತೆಗೆದುಹಾಕುವುದಿಲ್ಲ. ಕುಂದಗೋಳದ ಕಡೆ ಮೆಣಸಿನಕಾಯಿ ತೊಟ್ಟು ಮುರಿಯುವ ಹೆಣ್ಣುಮಕ್ಕಳಂತೂ ಹಚ್ಚಿಕೊಳ್ಳಲೇಬಾರದು. ಖಾರದ ಅಂಶ ನೀರಿಗಿಂತ ಆಲ್ಕೋಹಾಲ್‌ನಲ್ಲಿ ಚೆನ್ನಾಗಿ ಕರಗುತ್ತದೆ. ಕೈತುಂಬ ಹರಡಿ, ಚರ್ಮದ ಬಿರುಕಿಗೆ ಇಳಿದರೆ ಆ ಉರಿ ಬೇಡವೇ ಬೇಡ. ಇವರಿಗೆಲ್ಲ ನಾನು ಹೇಳುವುದು, ಬುತ್ತಿ ಜೊತೆ ಒಂದು ತುಂಡು ಸಾಬೂನು, ಕೈ ತೊಳೆಯಲು ನೀರು ಒಯ್ಯಿರಿ ಎಂದು. ಬೋರಿನ ಸವಳು ನೀರಿಗೆ ಬುರುಗು ಬರದಿದ್ದರೆ ಎರಡು ಸಲ ಹಚ್ಚಿದರಾಯಿತು. (ಸಾಬೂನು ಮಾರಿದರೆ ನನಗೆ ಲಾಭ ಕಡಿಮೆಯೇ.)

ಸ್ಯಾನಿಟೈಸರ್ ಇರುವುದು ಕಣ್ಣಿಗೆ ಸ್ವಚ್ಛ ಕಾಣುವ ಕೈಗೆ. ನವಲಗುಂದದ ಬಸ್ಸಿನಲ್ಲಿ ಕಂಬಿ ಹಿಡಿದು ಬಂದವರು ಹುಬ್ಬಳ್ಳಿಯಲ್ಲಿಳಿದು ಬಾಳೆಹಣ್ಣು ಸುಲಿಯುವ ಮುಂಚೆ, ದವಾಖಾನೆಯಲ್ಲಿ ರೋಗಿಯ ಹಾಸಿಗೆ ಬಳಿ ಹೋಗುವಾಗ, ಬರುವಾಗ. ಬಾಣಂತಿ ನೋಡಲು ಬಂದವರು ಕೂಸಿಗೆ ಕೈಚಾಚುತ್ತಾರಲ್ಲ, ಅವರ ಕೈಗಂತೂ ಮರೆಯದೆ ಹಾಕಬೇಕು. ಫ್ಲೂ, ಕೊರೊನಾ ವೈರಸ್‌ಗಳಿಗೆ ಕೊಬ್ಬಿನ ಹೊದಿಕೆ ಇರುತ್ತದೆ. ಆಲ್ಕೋಹಾಲ್ ಅದನ್ನು ಹರಿದುಹಾಕುತ್ತದೆ. ವಾಂತಿಭೇದಿ ತರುವ ನೊರೊವೈರಸ್‌ಗೆ ಅಂಥ ಹೊದಿಕೆಯಿಲ್ಲ, ಅದು ಅಷ್ಟು ಸುಲಭಕ್ಕೆ ಸಾಯದು. ಹಾಗಾಗಿ ಸಂಡಾಸಿಗೆ ಹೋಗಿ ಬಂದ ಮೇಲೆ ಸಾಬೂನೇ ಆಗಬೇಕು.

ಹಚ್ಚಿಕೊಳ್ಳುವ ರೀತಿಯಲ್ಲೇ ಅರ್ಧ ಕೆಲಸ ಕೆಡುತ್ತದೆ. ಎರಡು ಹನಿ ಹಾಕಿಸಿಕೊಂಡು, ತೀರ್ಥ ತಗೊಂಡಂತೆ ಉಳಿದದ್ದನ್ನು ತಲೆಗೆ ಒರೆಸಿಕೊಂಡವರನ್ನು ನೋಡಿದ್ದೇನೆ. ಅಂಗೈ ಗುಳಿ ತುಂಬಬೇಕು. ಅದು ಹಸಿಯಿರುವಾಗಲೇ ಐದೂ ಬೆರಳ ತುದಿ ಅದರಲ್ಲಿ ಅದ್ದಿ ಉಗುರಿನಿಂದ ಅಂಗೈ ಕೆರೆಯಿರಿ, ಆ ಮೇಲೆ ಇನ್ನೊಂದು ಕೈ. ಆಮೇಲೆ ಅಂಗೈ ಹಿಂಬದಿ, ಬೆರಳ ಸಂದಿ. ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದು ತಿರುವಬೇಕು. ಬಹುಮಂದಿ ಬಿಡುವುದು ಅದನ್ನೇ. 20ರಿಂದ 30 ಸೆಕೆಂಡು, ತಾನಾಗಿ ಆರುವ ತನಕ ತಿಕ್ಕಬೇಕು. ನಡುವೆ ಸೆರಗಿಗೋ ಟವೆಲ್‌ಗೋ ಒರೆಸಿದರೆ ಹಾಕಿದ್ದು ದಂಡ. ಆರದ ಕೈಯನ್ನು ಒಲೆ ಹತ್ತಿರ ಒಯ್ಯಬೇಡಿ, ಬೆಂಕಿ ಹತ್ತುತ್ತದೆ.

ಚೀಟಿಯ ಮೇಲೆ ಆಲ್ಕೋಹಾಲ್ ಕನಿಷ್ಠ ಶೇ. 60 ಇರಲಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಎಥನಾಲ್ ಆದರೆ ಶೇ. 80, ಐಸೊಪ್ರೊಪೈಲ್ ಆದರೆ ಶೇ. 75. “ಪೂರಾ ನೂರಿದ್ದದ್ದು ಕೊಡ್ರಿ” ಅನ್ನುವವರಿದ್ದಾರೆ. ರೋಗಾಣುವಿನ ಪ್ರೋಟೀನ್ ಕೆಡಿಸಲು ಆಲ್ಕೋಹಾಲ್‌ಗೆ ಸ್ವಲ್ಪ ನೀರಿನ ಜೊತೆ ಬೇಕು. ಬರೀ ಆಲ್ಕೋಹಾಲ್ ಬೇಗ ಹಾರಿಯೂ ಹೋಗುತ್ತದೆ.

ಸ್ಯಾನಿಟೈಸರನ್ನು ಕ್ಯಾನಿನಿಂದ ತಂಪುಪಾನೀಯದ ಬಾಟಲಿಗೆ ಸುರಿದುಕೊಡಿ ಎಂದರೆ ನಾನು ಒಪ್ಪುವುದಿಲ್ಲ. 2020ರ ಜುಲೈನಲ್ಲಿ ಆಂಧ್ರದ ಕುರಿಚೇಡುವಿನಲ್ಲಿ ಮದ್ಯ ಸಿಗದೆ ಸ್ಯಾನಿಟೈಸರ್ ಕುಡಿದು ಹತ್ತಕ್ಕೂ ಹೆಚ್ಚು ಜನ ಸತ್ತರು. ಅವರು ಗೊತ್ತಿದ್ದೇ ಕುಡಿದರು. ಮನೆಯ ಮಾಡದಲ್ಲಿ ಅಂಥ ಬಾಟಲಿ ಕಂಡ ಮಗುವಿಗೆ ಅದೂ ಗೊತ್ತಿರುವುದಿಲ್ಲ.