ಆಳೆತ್ತರದ ಯಂತ್ರಮಾನವನನ್ನು ಆರಿಸುವ ಬಗೆ

ಎತ್ತನ್ನು ಕೊಳ್ಳಹೋದ ಒಕ್ಕಲಿಗನು ಅದರ ಮೈಬಣ್ಣಕ್ಕೆ ಮರುಳಾಗುವುದಿಲ್ಲ. ಹಲ್ಲು ನೋಡುವನು, ಗೊರಸು ನೋಡುವನು, ನಾಲ್ಕು ಹೆಜ್ಜೆ ನಡೆಯಿಸಿ ನೋಡುವನು. ಎಲ್ಲಕ್ಕೂ ಮೊದಲು ತನ್ನ ಹೊಲದ ಮಣ್ಣು ಎಂಥದೆಂಬುದನ್ನು ನೆನೆಯುವನು. ಸಂಶೋಧನೆಗಾಗಿ ಆಳೆತ್ತರದ ಯಂತ್ರಮಾನವನನ್ನು ಕೊಳ್ಳುವ ವಿಶ್ವವಿದ್ಯಾನಿಲಯಗಳಿಗೂ ಇದೇ ವಿವೇಕವು ಅವಶ್ಯಕ. ಆಯ್ಕೆ ತಪ್ಪಿದರೆ ಹಣವೊಂದೇ ಅಲ್ಲ, ಅದನ್ನೇ ನಂಬಿದ ವಿದ್ಯಾರ್ಥಿಗಳ ಹಲವು ವರ್ಷಗಳೂ ವ್ಯರ್ಥವಾಗುವುವು.

ಈ ಬಗೆಯ ಯಂತ್ರವು ಮೊದಲು ರೂಪುಗೊಂಡುದು ವಿದ್ಯಾಪೀಠದಲ್ಲಿಯೇ. ಜಪಾನಿನ ವಾಸೆದಾ ವಿಶ್ವವಿದ್ಯಾನಿಲಯದಲ್ಲಿ ಇಚಿರೋ ಕಾಟೋ ಎಂಬ ಪ್ರಾಧ್ಯಾಪಕರೂ ಅವರ ಸಂಗಡಿಗರೂ 1973ರಲ್ಲಿ ‘ವಾಬಾಟ್-1’ ಎಂಬುದನ್ನು ನಿರ್ಮಿಸಿದರು. ಅಂದು ಬೇಕಾದವರು ತಾವೇ ಕಟ್ಟಿಕೊಳ್ಳಬೇಕಾಗಿದ್ದಿತು; ಇಂದು ಕೊಳ್ಳುವುದೂ ಸಾಧ್ಯ. ಆದಕಾರಣವೇ ಆಯ್ಕೆಯ ಪ್ರಶ್ನೆಯು ಹುಟ್ಟಿರುವುದು.

ಮೊದಲು ಕೇಳಬೇಕಾದುದು, ಆಳೆತ್ತರವೇ ಬೇಕೇ ಎಂಬುದು. ಇಟಲಿಯ ಜಿನೋವಾದಲ್ಲಿ ಸಿದ್ಧವಾಗುವ ‘ಐಕಬ್’ ಯಂತ್ರದ ಎತ್ತರ 104 ಸೆಂಟಿಮೀಟರು ಮಾತ್ರ. ಮಗುವು ನೋಡಿ, ಮುಟ್ಟಿ, ಹಿಡಿದು ಕಲಿಯುವ ಬಗೆಯನ್ನು ಪರಿಶೀಲಿಸುವವರಿಗೆ ಅಷ್ಟು ಸಾಕು. ಆದರೆ ನಮ್ಮ ಬಾಗಿಲು, ಮೆಟ್ಟಿಲು, ಉಪಕರಣಗಳೆಲ್ಲವೂ ಬೆಳೆದವರ ಅಳತೆಗೆ ಆದವು. ಅವುಗಳ ನಡುವೆ ದುಡಿಯುವ ಯಂತ್ರವನ್ನು ಕುರಿತ ಸಂಶೋಧನೆಗೆ ಆಳೆತ್ತರವೇ ಬೇಕು.

ಎರಡನೆಯದು ಕೀಲುಗಳ ಗುಣ. ಇದಕ್ಕೆ ಫ್ರಾನ್ಸಿನ ಟುಲೂಸ್ ನಗರದ ಲಾಸ್ ಸಂಶೋಧನಾಲಯವು ಒಳ್ಳೆಯ ನಿದರ್ಶನ. ಅಲ್ಲಿಗೆ 2006ರಲ್ಲಿ ಜಪಾನಿನಿಂದ ‘ಎಚ್‌ಆರ್‌ಪಿ-2’ ಬಂದಿತು. ಎತ್ತರ 154 ಸೆಂಟಿಮೀಟರು, ತೂಕ 58 ಕಿಲೋಗ್ರಾಂ. ಯಾವ ಕೀಲು ಎಷ್ಟು ಬಾಗಬೇಕೆಂದು ಹೇಳಿದರೆ ಅದು ಅಷ್ಟೇ ಬಾಗುವುದು. ಆದರೆ ಗೋಡೆಗೆ ಕೈಯೂರಿ ನಿಲ್ಲುವಾಗ, ಭಾರವನ್ನು ತಳ್ಳುವಾಗ, ಎಷ್ಟು ಬಾಗಿದೆನೆಂಬುದಕ್ಕಿಂತ ಎಷ್ಟು ಬಲವನ್ನು ಹಾಕುತ್ತಿರುವೆನೆಂಬುದೇ ಮುಖ್ಯ. ಇಂಥ ಪ್ರಶ್ನೆಗಳು ಮುಂದೆ ಬಂದಂತೆ, 2017ರಲ್ಲಿ ಅವರು ಬಾರ್ಸಿಲೋನಾದ ಪಾಲ್ ರೊಬಾಟಿಕ್ಸ್ ಸಂಸ್ಥೆಯ ‘ಟಾಲೋಸ್’ ಅನ್ನು ತರಿಸಿದರು. ಇದರ ಎತ್ತರ 175 ಸೆಂಟಿಮೀಟರು, ತೂಕ 95 ಕಿಲೋಗ್ರಾಂ. ಚಲನೆಯ ಬಗೆಗಳು 32. ಕೀಲುಗಳಲ್ಲಿಯೇ ಬಲವನ್ನಳೆಯುವ ಸಾಧನಗಳಿವೆ. ಹಳೆಯದು ಕೆಟ್ಟದೆಂದಲ್ಲ, ಪ್ರಶ್ನೆಯೇ ಬದಲಾಗಿದ್ದಿತು.

ಮೂರನೆಯದು ಬೀಳುವಿಕೆ. 2015ರ ಜೂನ್ ತಿಂಗಳಲ್ಲಿ ಅಮೆರಿಕದ ಪೊಮೋನಾದಲ್ಲಿ ನಡೆದ ಡಾರ್ಪಾ ಸ್ಪರ್ಧೆಯಲ್ಲಿ ಪ್ರಸಿದ್ಧ ತಂಡಗಳ ಯಂತ್ರಗಳೇ ಬಾಗಿಲ ಬಳಿ, ನೆಲದ ಮೇಲೆ ದೊಪ್ಪನೆ ಉರುಳಿದುವು. ಗೆದ್ದುದು ಕೊರಿಯದ ಕೈಸ್ಟ್ ವಿದ್ಯಾಸಂಸ್ಥೆಯ ‘ಹ್ಯೂಬೋ’. ಅದು ಬೇಕಾದಾಗ ಮಂಡಿಯೂರಿ, ಮಂಡಿಯ ಬಳಿಯ ಗಾಲಿಗಳ ಮೇಲೆ ಉರುಳುತ್ತ ಸಾಗುತ್ತಿದ್ದಿತು! ನೂರು ಕಿಲೋಗ್ರಾಮಿನಷ್ಟು ಲೋಹವು ಪಕ್ಕದಲ್ಲಿ ನಿಂತ ವಿದ್ಯಾರ್ಥಿಯ ಮೇಲೆ ಬಿದ್ದರೆ ಆಗುವ ಅನಾಹುತವನ್ನು ಹೇಳಬೇಕಾಗಿಲ್ಲ. ತೂಗಿ ಹಿಡಿಯುವ ತೊಲೆ, ಸುತ್ತಲೂ ತೆರವಾದ ನೆಲ, ಒತ್ತಿದೊಡನೆ ನಿಲ್ಲಿಸುವ ಗುಂಡಿ, ಇವು ಯಂತ್ರಕ್ಕಿಂತ ಮೊದಲು ಸಿದ್ಧವಾಗಿರತಕ್ಕುವು.

ನಾಲ್ಕನೆಯದು ಕೊಂಡ ಬಳಿಕದ ವೆಚ್ಚ. ಅಮೆರಿಕದ ನಾಸಾ 2015ರಲ್ಲಿ ತನ್ನ ‘ವಾಲ್ಕಿರಿ’ ಯಂತ್ರಗಳನ್ನು ಎಂಐಟಿ ಹಾಗೂ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾನಿಲಯಕ್ಕೆ ವಹಿಸಲು ನಿಶ್ಚಯಿಸಿದಾಗ, ಯಂತ್ರದೊಡನೆ ಎರಡು ವರ್ಷಗಳ ಕಾಲ ವರ್ಷಕ್ಕೆ 2,50,000 ಡಾಲರುಗಳವರೆಗೆ ಸಹಾಯಧನವನ್ನೂ ಕೊಡಮಾಡಿತು. ಆನೆಯನ್ನು ದಾನ ಮಾಡಿದವರು ಮೇವಿಗೂ ಉಂಬಳಿ ಬಿಟ್ಟಂತಾಯಿತು. ಬಿಡಿಭಾಗಗಳು ಎಲ್ಲಿಂದ ಬರುವುವು, ರಿಪೇರಿ ಯಾರು ಮಾಡುವರು, ಒಳಗಿನ ಆಜ್ಞಾವಳಿಯನ್ನು ತಿದ್ದಲು ಮಾರುವವರು ಒಪ್ಪುವರೇ, ಎಂಬುವನ್ನು ಬರವಣಿಗೆಯಲ್ಲಿಯೇ ಪಡೆಯುವುದು ಲೇಸು. ಒಳಗನ್ನು ಮುಟ್ಟಗೊಡದ ಯಂತ್ರವು ಪ್ರದರ್ಶನಕ್ಕೆ ಆದೀತು, ಸಂಶೋಧನೆಗೆ ಆಗಲಾರದು.

ಈಚೆಗೆ ಹಗುರವಾದ ಯಂತ್ರಗಳೂ ಬಂದಿವೆ. 2023ರಲ್ಲಿ ಚೀನದ ಯೂನಿಟ್ರೀ ಸಂಸ್ಥೆಯು ಪ್ರಕಟಿಸಿದ ‘ಎಚ್1’ ಸುಮಾರು 180 ಸೆಂಟಿಮೀಟರು ಎತ್ತರವಿದ್ದರೂ ತೂಕದಲ್ಲಿ ಸುಮಾರು 47 ಕಿಲೋಗ್ರಾಂ ಮಾತ್ರ. ಅದರ ಓಟವನ್ನು ಕಂಡು ಬೆರಗಾಗುವುದು ಸಹಜ. ಆದರೆ ಓಟವನ್ನು ಕುರಿತು ಅರಿಯಬಯಸುವವನಿಗೆ ಒಪ್ಪುವ ಯಂತ್ರವು, ರೋಗಿಯನ್ನು ಹಾಸಿಗೆಯಿಂದ ಎತ್ತುವ ಬಗೆಯನ್ನು ಅರಸುವವನಿಗೆ ಒಪ್ಪಬೇಕೆಂದಿಲ್ಲ. ತನ್ನ ಪ್ರಶ್ನೆ ಯಾವುದೆಂದು ಮೊದಲು ಕಾಗದದ ಮೇಲೆ ಬರೆದಿಟ್ಟು, ಅನಂತರ ಸಂತೆಗೆ ಹೋದವನೇ ಜಾಣನೆಂದು ನಾವು ಭಾವಿಸುವೆವು.