ಓವನ್ ಹಾಕಿದ ಕೂಡಲೇ ಕರೆಂಟ್ ಟ್ರಿಪ್ ಆಗುತ್ತಿದೆಯೇ? ಅರ್ಥ್ ತಂತಿ ಮಾತ್ರ ಕೀಳಬೇಡಿ!

ಕೇಕ್, ಬನ್, ಪಿಜ್ಜಾ ಎಲ್ಲವೂ ಮನೆಯಲ್ಲೇ ಮಾಡುವ ಕಾಲ ಇದು. ಕಡೂರು, ತರೀಕೆರೆ, ಅಜ್ಜಂಪುರದಂತಹ ಊರುಗಳ ಅಡುಗೆಮನೆಗೂ ಕರೆಂಟಿನ ಓವನ್ ಬಂದಿದೆ. ಅದು ಕೆಟ್ಟಾಗ ಸಲಹೆ ಕೊಡುವವರಿಗೇನೂ ಕೊರತೆಯಿಲ್ಲ. "ಟ್ರಿಪ್ ಆದರೆ ಪ್ಲಗ್‌ನ ದಪ್ಪ ಪಿನ್ ತೆಗೆದುಬಿಡಿ, ಸರಿಹೋಗುತ್ತದೆ" ಎನ್ನುವುದು ಅವುಗಳಲ್ಲಿ ಒಂದು. "ವೋಲ್ಟೇಜ್ ಕಡಿಮೆ ಇದ್ದರೆ ಕಾಯಿಲ್ ಸುಟ್ಟುಹೋಗುತ್ತದೆ" ಎನ್ನುವುದು ಇನ್ನೊಂದು. ಎರಡನೆಯದು ತಪ್ಪು ತಿಳಿವಳಿಕೆ, ಅಷ್ಟೇ. ಮೊದಲನೆಯದು ಜೀವ ತೆಗೆಯಬಲ್ಲ ಸಲಹೆ. ಏಕೆ ಎಂದು ನೋಡೋಣ.

ಮೊದಲು ನಿಮ್ಮದು ಯಾವ ಓವನ್ ಎಂದು ತಿಳಿಯಿರಿ

ಒಳಗೆ ಮೇಲೆ, ಕೆಳಗೆ ಸರಳಿನಂತಹ ಕಾಯಿಲ್ ಇದ್ದು, ಅವು ಕೆಂಪಗೆ ಕಾಯುವಂತಿದ್ದರೆ ಅದು ಒಟಿಜಿ. ಈ ಲೇಖನ ಅದರ ಬಗ್ಗೆ. ಮೈಕ್ರೋವೇವ್ ಆಗಿದ್ದರೆ ಮನೆಯಲ್ಲಿ ಯಾರೂ ಬಿಚ್ಚಲೇಬಾರದು. ಅದರೊಳಗಿನ ಕೆಪಾಸಿಟರ್‌ನಲ್ಲಿ ಎರಡು ಸಾವಿರ ವೋಲ್ಟ್‌ನಷ್ಟು ವಿದ್ಯುತ್ ಇರುತ್ತದೆ, ಪ್ಲಗ್ ತೆಗೆದ ಮೇಲೂ ಅದು ಸ್ವಲ್ಪ ಹೊತ್ತು ಉಳಿದಿರಬಹುದು.

ಓವನ್ ಆನ್ ಆಗುತ್ತಲೇ ಇಲ್ಲವೇ?

ರಿಪೇರಿ ಅಂಗಡಿಗೆ ಹೊರುವ ಮುನ್ನ ಟೈಮರ್ ನೋಡಿ. ಹೆಚ್ಚಿನ ಒಟಿಜಿಗಳು ಟೈಮರ್ ತಿರುಗಿಸದಿದ್ದರೆ ಕಾಯುವುದೇ ಇಲ್ಲ. ಅದು ಸರಿಯಿದ್ದರೆ ಅದೇ ಸಾಕೆಟ್‌ಗೆ ಇಸ್ತ್ರಿಪೆಟ್ಟಿಗೆ ಹಾಕಿ ನೋಡಿ. ಇಸ್ತ್ರಿಪೆಟ್ಟಿಗೆಯೂ ಕಾಯದಿದ್ದರೆ ತೊಂದರೆ ಓವನ್‌ನದ್ದಲ್ಲ, ಸಾಕೆಟ್‌ನದ್ದು.

ಸಾಕೆಟ್ ಎಷ್ಟು ಆಂಪಿಯರ್‌ನದ್ದು ಎಂಬುದೂ ಮುಖ್ಯ. 1500 ವ್ಯಾಟ್‌ನ ಓವನ್ 230 ವೋಲ್ಟ್‌ನಲ್ಲಿ ಸುಮಾರು 6.5 ಆಂಪಿಯರ್ ಎಳೆಯುತ್ತದೆ, 2000 ವ್ಯಾಟ್‌ನದ್ದು 8.7 ಆಂಪಿಯರ್. ಮೊಬೈಲ್ ಚಾರ್ಜರ್ ಹಾಕುವ ಚಿಕ್ಕ ಸಾಕೆಟ್ ತಾಳುವುದು 6 ಆಂಪಿಯರ್ ಮಾತ್ರ. ಎಕ್ಸ್‌ಟೆನ್ಷನ್ ಬಾಕ್ಸ್‌ನಲ್ಲಿ ಓವನ್ ಹಾಕಿದರೆ ಪ್ಲಗ್ ಬಿಸಿಯಾಗಿ ಕರಗುವುದು ಇದೇ ಕಾರಣಕ್ಕೆ. ಓವನ್‌ಗೆ 16 ಆಂಪಿಯರ್‌ನ ದೊಡ್ಡ ಸಾಕೆಟ್ಟೇ ಬೇಕು.

ಕಾಯುತ್ತದೆ, ಆದರೆ ಬೇಯುವುದಿಲ್ಲ

ಒಂದು ಕಾಯಿಲ್ ಹೋಗಿರಬಹುದು. ಮೇಲೆ, ಕೆಳಗೆ ಎರಡೂ ಉರಿಯುವಂತೆ ಗುಂಡಿ ತಿರುಗಿಸಿ, ಬಾಗಿಲ ಗಾಜಿನಿಂದ ನೋಡಿ. ಒಂದು ಮಾತ್ರ ಕೆಂಪಾದರೆ ಇನ್ನೊಂದು ಹೋಗಿದೆ ಎಂದೇ ಅನುಮಾನಿಸಬೇಕು. ಎರಡೂ ಸ್ವಲ್ಪ ಹೊತ್ತು ಉರಿದು ಆರಿ, ಮತ್ತೆ ಉರಿದರೆ ಹೆದರಬೇಡಿ. ಬಿಸಿ ಹೆಚ್ಚಾಗದಂತೆ ಥರ್ಮೋಸ್ಟಾಟ್ ಮಾಡುವ ಕೆಲಸವೇ ಅದು.

ಎರಡೂ ಕಾಯಿಲ್ ಸರಿಯಿದ್ದು, ಸಂಜೆ ಹೊತ್ತಲ್ಲಿ ಮಾತ್ರ ಕೇಕ್ ಹಸಿಯಾಗಿ ಉಳಿಯುತ್ತಿದ್ದರೆ? ಆಗ ವೋಲ್ಟೇಜ್ ಮೇಲೆ ಕಣ್ಣಿಡಿ. ತೆಂಗು, ಅಡಿಕೆ ತೋಟಗಳ ನಡುವಿನ ಮನೆ, ಟ್ರಾನ್ಸ್‌ಫಾರ್ಮರ್ ದೂರ, ಸುತ್ತಲೂ ಪಂಪ್‌ಸೆಟ್ ಓಡುತ್ತಿವೆ ಎಂದರೆ ವೋಲ್ಟೇಜ್ ಇಳಿಯುವುದು ಸಹಜ. ಕಾಯಿಲ್‌ನ ಶಾಖ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದಲ್ಲಿ 180 ವೋಲ್ಟ್ ಇದ್ದರೆ, 1500 ವ್ಯಾಟ್‌ನ ಓವನ್ ಕೊಡುವುದು ಸುಮಾರು 920 ವ್ಯಾಟ್ ಶಾಖ ಮಾತ್ರ. ವೋಲ್ಟೇಜ್ ಇಳಿದದ್ದು ಕಾಲುಭಾಗಕ್ಕಿಂತ ಕಡಿಮೆ, ಆದರೆ ಶಾಖ ಇಳಿದದ್ದು ಮೂರನೇ ಒಂದು ಭಾಗಕ್ಕಿಂತ ಹೆಚ್ಚು!

ಹಾಗಾದರೆ ಕಾಯಿಲ್ ಸುಡುತ್ತದೆಯೇ? ಇಲ್ಲ. ಕಡಿಮೆ ವೋಲ್ಟೇಜ್‌ನಿಂದ ಸುಡುವುದು ಪಂಪ್, ಫ್ರಿಜ್‌ನಂತಹ ಮೋಟಾರ್ ಇರುವ ಸಾಧನಗಳು. ಬರೀ ಕಾಯಿಲ್ ಇರುವ ಓವನ್ ತಣ್ಣಗೆ ಓಡುತ್ತದೆ, ಅಷ್ಟೇ. ಅದಕ್ಕಾಗಿ ದೊಡ್ಡ ಸ್ಟೆಬಿಲೈಸರ್ ಕೊಳ್ಳುವ ಬದಲು ವೋಲ್ಟೇಜ್ ಚೆನ್ನಾಗಿರುವ ಹೊತ್ತಿನಲ್ಲಿ ಬೇಯಿಸಿ. ಟೆಸ್ಟರ್ ನಂಬಬೇಡಿ, 180 ವೋಲ್ಟ್‌ಗೂ ಅದು ಉರಿಯುತ್ತದೆ. ಅಳೆಯಲು ಮಲ್ಟಿಮೀಟರ್ ಬೇಕು.

ಒಂದು ಎಚ್ಚರಿಕೆ: ಕೆಲವು ಬಲ್ಬ್‌ಗಳು ಇದ್ದಕ್ಕಿದ್ದಂತೆ ಕಣ್ಣು ಕೋರೈಸುವಷ್ಟು ಉರಿದು, ಅಕ್ಕಪಕ್ಕದ ಮನೆಗಳಲ್ಲಿ ಮಂದವಾದರೆ ನ್ಯೂಟ್ರಲ್ ತಂತಿ ಕಡಿದಿರುವ ಸಾಧ್ಯತೆ ಇದೆ. ಕೂಡಲೇ ಮೇನ್ ಸ್ವಿಚ್ ಆಫ್ ಮಾಡಿ, ಮೆಸ್ಕಾಂನ 1912ಕ್ಕೆ ಕರೆ ಮಾಡಿ.

ಟ್ರಿಪ್ ಆಗುವುದು ಏಕೆ?

ಕಾಯಿಲ್ ಎಂದರೆ ಬರೀ ತಂತಿಯಲ್ಲ. ಹೊರಗೆ ಲೋಹದ ಕೊಳವೆ, ನಡುವೆ ನೈಕ್ರೋಮ್ ತಂತಿ, ಎರಡರ ನಡುವೆ ಮೆಗ್ನೀಸಿಯಂ ಆಕ್ಸೈಡ್ ಎಂಬ ಬಿಳಿ ಪುಡಿ. ಶಾಖವನ್ನು ಬಿಟ್ಟು ವಿದ್ಯುತ್ತನ್ನು ತಡೆಯುವುದು ಈ ಪುಡಿಯ ಕೆಲಸ. ಆದರೆ ಅದು ಗಾಳಿಯ ತೇವ ಹೀರುತ್ತದೆ. ಮಳೆಗಾಲವೆಲ್ಲ ಅಟ್ಟದ ಮೇಲಿದ್ದ ಓವನ್ ಇಳಿಸಿ ಹಾಕಿದೊಡನೆ ಟ್ರಿಪ್ ಆಗುವುದಕ್ಕೆ ಇದೊಂದು ಸಾಮಾನ್ಯ ಕಾರಣ. ತೇವದ ಮೂಲಕ ವಿದ್ಯುತ್ ಓವನ್‌ನ ಮೈಗೆ ಸೋರುತ್ತದೆ. ಕೊಳವೆ ಬಿರುಕು ಬಿಟ್ಟಿದ್ದರೆ, ಇಲಿ ತಂತಿ ಕಡಿದಿದ್ದರೆ ಆಗುವುದೂ ಇದೇ.

ಅರ್ಥ್ ತಂತಿ ಇದ್ದರೆ ಸೋರಿದ ವಿದ್ಯುತ್ ನೆಲಕ್ಕೆ ಹರಿಯುತ್ತದೆ, ಅದನ್ನು ಗುರುತಿಸಿ ಆರ್‌ಸಿಸಿಬಿ ಕರೆಂಟ್ ಕಡಿಯುತ್ತದೆ. ದಪ್ಪ ಪಿನ್ ತೆಗೆದರೆ ಆ ದಾರಿ ಮುಚ್ಚುತ್ತದೆ. ಟ್ರಿಪ್ ನಿಲ್ಲುತ್ತದೆ, ನಿಜ. ಆದರೆ ಸೋರಿಕೆ ನಿಂತಿಲ್ಲ, ಓವನ್‌ನ ಮೈಯಲ್ಲೇ ಕಾದು ಕೂತಿದೆ. ಅದನ್ನು ಮೊದಲು ಮುಟ್ಟಿದವರೇ ಅರ್ಥ್ ತಂತಿ ಆಗುತ್ತಾರೆ.

"ನಮ್ಮ ಮನೆಯಲ್ಲಿ ಎಂಸಿಬಿ ಇದೆ, ಭಯವಿಲ್ಲ" ಎನ್ನುವವರಿಗೆ

ಎಂಸಿಬಿ ಇರುವುದು ವೈರಿಂಗ್ ಸುಡದಂತೆ ಕಾಯಲು. ಲೆಕ್ಕ ನೋಡಿ. ಕಡೂರಿನ ಕಡೆಯ ಬೇಸಿಗೆಯಲ್ಲಿ ನೆಲ ಒಣಗಿ, ಅರ್ಥಿಂಗ್ ಗುಂಡಿಯ ರೋಧ 50 ಓಮ್ ಆಗಿದೆ ಎಂದುಕೊಳ್ಳಿ. ಓವನ್‌ನ ಮೈಗೆ ಪೂರ್ತಿ 230 ವೋಲ್ಟ್ ತಾಗಿದರೂ ನೆಲಕ್ಕೆ ಹರಿಯುವುದು 4.6 ಆಂಪಿಯರ್. 16 ಆಂಪಿಯರ್‌ನ ಎಂಸಿಬಿ ಅದಕ್ಕೆ ಕದಲುವುದೇ ಇಲ್ಲ, ಓವನ್‌ನ ಮೈಯಲ್ಲಿ ಕರೆಂಟ್ ಇದ್ದೇ ಇರುತ್ತದೆ. ಮನೆಗಳಲ್ಲಿ ಹಾಕುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿಗೆ ಇದು ಅದರ ಮಿತಿಯ ನೂರೈವತ್ತು ಪಟ್ಟು, ಕ್ಷಣದಲ್ಲಿ ಕಡಿಯುತ್ತದೆ.

ಆದ್ದರಿಂದ ಆರ್‌ಸಿಸಿಬಿಯೂ ಬೇಕು, ಅರ್ಥಿಂಗೂ ಬೇಕು. ಆರ್‌ಸಿಸಿಬಿಯ ಮೇಲಿರುವ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಅದು ಬೀಳದಿದ್ದರೆ ಬದಲಿಸಬೇಕು. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕಿ.

ತಪ್ಪು ಎಲ್ಲಿದೆ ಎಂದು ಪತ್ತೆ ಮಾಡುವುದು ಹೀಗೆ

1. ಪ್ಲಗ್ ತೆಗೆದು ಆರ್‌ಸಿಸಿಬಿ ಎತ್ತಿ. ಆಗಲೂ ಬಿದ್ದರೆ ತೊಂದರೆ ಮನೆಯ ವೈರಿಂಗ್‌ನಲ್ಲೋ ಬೇರೆ ಸಾಧನದಲ್ಲೋ ಇದೆ.

2. ಪ್ಲಗ್ ತೆಗೆದ ಸ್ಥಿತಿಯಲ್ಲೇ ಇರುವಾಗ ವಯರ್ ಕಚ್ಚಿದೆಯೇ, ಪಿನ್ ಕಪ್ಪಾಗಿದೆಯೇ, ಕಾಯಿಲ್ ಉಬ್ಬಿದೆಯೇ, ಬಿರುಕು ಬಿಟ್ಟಿದೆಯೇ ನೋಡಿ.

3. ಮಳೆಗಾಲದ ನಂತರ ಶುರುವಾದ ತೊಂದರೆಯಾದರೆ, ಬಾಗಿಲು ತೆರೆದು ಬೆಚ್ಚಗಿನ ಒಣ ಜಾಗದಲ್ಲಿ ಒಂದೆರಡು ದಿನ ಇಡಿ. ಮತ್ತೂ ಟ್ರಿಪ್ ಆದರೆ ಮುಂದಿನ ಕೆಲಸ ಎಲೆಕ್ಟ್ರಿಷಿಯನ್‌ದು.

4. ಎಲೆಕ್ಟ್ರಿಷಿಯನ್ ಪ್ಲಗ್ ತೆಗೆದು, ತಂತಿ ಬಿಡಿಸಿ ಕಾಯಿಲ್‌ನ ರೋಧ ಅಳೆಯುತ್ತಾರೆ. 750 ವ್ಯಾಟ್‌ನ ಕಾಯಿಲ್ ಸುಮಾರು 70 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಒಳಗೆ ತಂತಿ ಕಡಿದಿದೆ. ಸೋರಿಕೆ ಹಿಡಿಯಲು ಮಲ್ಟಿಮೀಟರ್ ಸಾಲದು, ಅದರ ಸಣ್ಣ ಬ್ಯಾಟರಿಗೆ ತೇವದ ಸೋರಿಕೆ ಕಾಣದೇ ಹೋಗಬಹುದು. 500 ವೋಲ್ಟ್‌ನಲ್ಲಿ ಪರೀಕ್ಷಿಸುವ ಮೆಗ್ಗರ್ ಬೇಕು. "ಮೆಗ್ಗರ್ ಹಾಕಿ ನೋಡಿ" ಎಂದು ನೀವೇ ಕೇಳಿ.

5. ಕಾಯಿಲ್ ಬದಲಿಸುವುದಾದರೆ ಅಷ್ಟೇ ವ್ಯಾಟ್‌ನದ್ದು ಹಾಕಿಸಿ. ಥರ್ಮಲ್ ಫ್ಯೂಸ್ ಹೋಗಿದ್ದರೆ ಅದೇ ಅಳತೆಯದನ್ನೇ ಹಾಕಿಸಿ. ಅದರ ಜಾಗದಲ್ಲಿ ತಂತಿ ಸುತ್ತಿ ಕೊಟ್ಟರೆ ಒಪ್ಪಬೇಡಿ. ಓವನ್ ಮಿತಿಮೀರಿ ಕಾದಾಗ ನಿಲ್ಲಿಸಲು ಇರುವುದು ಅದೊಂದೇ.

ಓವನ್ ಮುಟ್ಟಿದಾಗ ಸಣ್ಣಗೆ ಜುಂ ಎಂದರೂ "ಚಪ್ಪಲಿ ಹಾಕಿಕೊಂಡು ಮುಟ್ಟಿದರಾಯಿತು" ಎಂದು ಸುಮ್ಮನಾಗಬೇಡಿ. ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದಿಡಿ. ಇಂದು ಒಣನೆಲದಲ್ಲಿ ಜುಂ ಎಂದದ್ದು, ನಾಳೆ ಒದ್ದೆ ಕೈಯಲ್ಲಿ ಮುಟ್ಟಿದರೆ ಬಿಡದೆ ಹಿಡಿದುಕೊಳ್ಳಬಹುದು.

ಕೊನೆಯದಾಗಿ

ಪದೇಪದೇ ಟ್ರಿಪ್ ಆಗುವುದು ಕಿರಿಕಿರಿಯೇ. ಆದರೆ ಆರ್‌ಸಿಸಿಬಿ ಬಿದ್ದರೆ ಎಲ್ಲೋ ಕರೆಂಟ್ ಸೋರುತ್ತಿದೆ ಎಂದರ್ಥ. ಸೋರಿಕೆ ಸರಿಪಡಿಸಿ, ಎಚ್ಚರಿಸುವ ಸಾಧನವನ್ನಲ್ಲ. ದಪ್ಪ ಪಿನ್ ತೆಗೆಯಿರಿ ಎಂಬ ಸಲಹೆ ನಿಮ್ಮ ಮನೆ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ, ಅದರ ಕೆಳಗೆ ಇದನ್ನು ಹಾಕಿ.